ಝೀಝೀ ಟಾಪ್‌ನ ಮೊದಲ ಆಲ್ಬಮ್ (1971): ಯಾವ ಮಿಕ್ಸ್ ಕೇಳಬೇಕು, ಆ ಷಫಲ್ ಕೈಗೆ ಕೂರೋದು ಹೇಗೆ?

ಹೊಸಕಿವಿ:
ಎರಡು ಪ್ರಶ್ನೆ. ಒಂದು, ಅಮೆರಿಕದ ರಾಕ್ ಬ್ಯಾಂಡ್ ಝೀಝೀ ಟಾಪ್‌ನ ‘ಝೀಝೀ ಟಾಪ್ಸ್ ಫಸ್ಟ್ ಆಲ್ಬಮ್’ನ ಹಳೇ ಸಿಡಿಯಲ್ಲಿ ಡ್ರಮ್ ಸದ್ದು ದೊಡ್ಡ ಖಾಲಿ ಹಾಲ್‌ನಲ್ಲಿ ಬಾರಿಸಿದ ಹಾಗಿದೆ. ಎಲ್‌ಪಿಯಿಂದ ಇಳಿಸಿಕೊಂಡ ಫೈಲಿನಲ್ಲಿ ಅದೇ ಡ್ರಮ್ ಕಿವಿಯ ಪಕ್ಕದಲ್ಲೇ ಇದ್ದಂತೆ, ಒಣಒಣ. ಯಾವುದು ಸರಿ? ಎರಡು, ಅದರ ಷಫಲ್ ಗಿಟಾರ್ ರಿದಮ್ಮನ್ನು ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಬರೆದ ಗಿಟಾರ್ ಲಿಪಿ) ನೋಡಿ ನುಡಿಸಿದರೆ ಸ್ವರ ಎಲ್ಲ ಸರಿ ಇದ್ದರೂ ಪೊಲೀಸ್ ಪರೇಡ್ ಥರ ಕೇಳುತ್ತೆ. ಎಲ್ಲಿ ತಪ್ಪುತ್ತಿದೆ?

ಒಣಸ್ನೇರ್:
ಮೊದಲ ಪ್ರಶ್ನೆಗೆ ನೇರ ಉತ್ತರ: ಎಲ್‌ಪಿ ಸರಿ. ಆ ಸಿಡಿ 1987ರ ರೀಮಿಕ್ಸ್, ಅಂದರೆ ಮೂಲ ಮುದ್ರಣದ ವಾದ್ಯಗಳನ್ನು ಮತ್ತೆ ಬೇರೆ ಥರ ಬೆರೆಸಿದ್ದು.

ಆಲ್ಬಮ್ ಬಂದದ್ದು 1971ರ ಜನವರಿಯಲ್ಲಿ, ಲಂಡನ್ ರೆಕಾರ್ಡ್ಸ್‌ನಿಂದ. ಹೆಸರು ಲಂಡನ್ ಆದರೂ ಸಂಗೀತ ಅಪ್ಪಟ ಟೆಕ್ಸಸ್. ಧ್ವನಿಮುದ್ರಣ ನಡೆದದ್ದು ಪೂರ್ವ ಟೆಕ್ಸಸ್‌ನ ಟೈಲರ್ ಊರಿನ ರಾಬಿನ್ ಹುಡ್ ಸ್ಟುಡಿಯೋದಲ್ಲಿ. ಇಂಜಿನಿಯರ್ ರಾಬಿನ್ ಹುಡ್ ಬ್ರಯನ್ಸ್, ಅದು ಅವರ ನಿಜವಾದ ಹೆಸರೇ. ನಿರ್ಮಾಪಕ ಬಿಲ್ ಹ್ಯಾಮ್, ಅವರೇ ಬ್ಯಾಂಡಿನ ಮ್ಯಾನೇಜರ್ ಕೂಡ. ಗಿಟಾರ್ ಬಿಲ್ಲಿ ಗಿಬ್ಬನ್ಸ್, ಬೇಸ್ ಡಸ್ಟಿ ಹಿಲ್, ಡ್ರಮ್ ಫ್ರಾಂಕ್ ಬಿಯರ್ಡ್. ಕವರಿನ ಮೇಲೆ ಬಿಯರ್ಡ್ ಹೆಸರು ‘ರೂಬ್ ಬಿಯರ್ಡ್’ ಎಂದಿದೆ, ಬೇರೆ ಯಾರೋ ಅಂದುಕೊಳ್ಳಬೇಡಿ.

1983ರಲ್ಲಿ ‘ಎಲಿಮಿನೇಟರ್’ ಲಕ್ಷಗಟ್ಟಲೆ ಮಾರಾಟವಾಗಿ ಬ್ಯಾಂಡು ಟಿವಿಯಲ್ಲೆಲ್ಲ ಕಾಣಿಸತೊಡಗಿತು. ಹಳೇ ಆಲ್ಬಮ್‌ಗಳನ್ನು ಸಿಡಿಗೆ ತರುವಾಗ ಅವೂ ಎಲಿಮಿನೇಟರ್ ಥರವೇ ಕೇಳಲಿ ಎಂದು ಡ್ರಮ್ಮಿಗೆ ಎಂಬತ್ತರ ದಶಕದ ಡಿಜಿಟಲ್ ಸದ್ದು, ರಿವರ್ಬ್ (ಕೃತಕ ಅನುರಣನ) ಎಲ್ಲ ಮೆತ್ತಿದರು. ಆರು ಆಲ್ಬಮ್ಮನ್ನು ಮೂರು ಸಿಡಿಯಲ್ಲಿ ಹಾಕಿ ‘ಸಿಕ್ಸ್ ಪ್ಯಾಕ್’ ಅಂತ ಮಾರಿದರು, 1987ರಲ್ಲಿ. ಬಿಡಿಯಾಗಿ ಸಿಗುತ್ತಿದ್ದ ಫಸ್ಟ್ ಆಲ್ಬಮ್ ಸಿಡಿಯಲ್ಲೂ ಅದೇ ರೀಮಿಕ್ಸ್. ‘ಟ್ರೆಸ್ ಹೊಂಬ್ರೆಸ್’, ‘ಫ್ಯಾಂಡ್ಯಾಂಗೋ’ ಎರಡಕ್ಕೆ 2006ರಲ್ಲಿ ಮೂಲ ಮಿಕ್ಸ್ ವಾಪಸ್ ಬಂತು. ಫಸ್ಟ್ ಆಲ್ಬಮ್ ಪೂರ್ತಿಯಾಗಿ ಮೂಲ ಮಿಕ್ಸ್‌ನಲ್ಲಿ ಸಿಡಿಗೆ ಬರಲು 2013ರ ಹತ್ತು ಸಿಡಿಯ ‘ದ ಕಂಪ್ಲೀಟ್ ಸ್ಟುಡಿಯೋ ಆಲ್ಬಮ್ಸ್ 1970–1990’ ಪೆಟ್ಟಿಗೆಯವರೆಗೆ ಕಾಯಬೇಕಾಯಿತು. ಅಂದರೆ 26 ವರ್ಷ ಸಿಡಿ ಕೊಂಡವರೆಲ್ಲ ಕೇಳಿದ್ದು ಈ ಮೂವರು ಟೈಲರ್‌ನಲ್ಲಿ ಮುಗಿಸಿ ಕೊಟ್ಟ ಆಲ್ಬಮ್ ಅಲ್ಲ. ‘ಮೊದಲ ಆಲ್ಬಮ್ ಸಪ್ಪೆ’ ಅಂತ ಹಳೇ ವಿಮರ್ಶೆ ಕಂಡರೆ ಯಾವ ಮಿಕ್ಸ್ ಕೇಳಿ ಬರೆದಿದ್ದಾರೆ ಅಂತ ಮೊದಲು ನೋಡಿ.

ತಟ್ಟೆ_ಮುಳ್ಳು:
ಒಂದು ಹಾಡಿನ ಮಟ್ಟಿಗೆ ತಿದ್ದುಪಡಿ ಸರ್. ‘ಬ್ಯಾಕ್‌ಡೋರ್ ಲವ್ ಅಫೇರ್’ 1977ರ ‘ದ ಬೆಸ್ಟ್ ಆಫ್ ಝೀಝೀ ಟಾಪ್’ನಲ್ಲೂ ಇದೆ. ಆ ಸಂಕಲನದ ಸಿಡಿಯಲ್ಲಿ ಮೂಲ ಮಿಕ್ಸೇ ಉಳಿದಿತ್ತು. ಪೆಟ್ಟಿಗೆ ಕೊಳ್ಳುವ ಮೊದಲು ವ್ಯತ್ಯಾಸ ಎಷ್ಟು ಅಂತ ತಿಳಿಯಬೇಕಿದ್ದರೆ ಆ ಒಂದು ಹಾಡನ್ನು ಎರಡು ಸಿಡಿಯಲ್ಲಿ ಕೇಳಿದರೆ ಸಾಕು.

ನಿಮ್ಮ ಸಿಡಿ, ಎಲ್‌ಪಿ ಫೈಲು ಎರಡನ್ನೂ ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಅರ್ಧ ಡೆಸಿಬಲ್ ಜೋರಾಗಿದ್ದರೂ ಜೋರಿನದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ಆಮೇಲೆ ‘ಬ್ರೌನ್ ಶುಗರ್’ ಹಾಕಿ. ಶುರುವಿನಲ್ಲಿ ಬರೀ ಗಿಟಾರು, ದನಿ. ಆ ನಿಧಾನ ಭಾಗ ಮುಗಿದು ಮೂವರೂ ಒಟ್ಟಿಗೆ ಬೀಳುವ ಜಾಗದಲ್ಲಿ ಮೊದಲ ನಾಲ್ಕು ಸ್ನೇರ್ (ಚಟ್ಟೆನ್ನುವ ಡ್ರಮ್) ಏಟು ಮಾತ್ರ ಗಮನಿಸಿ. ಏಟು ಬಿದ್ದ ತಕ್ಷಣ ಸದ್ದು ನಿಂತು ಅದರ ಹಿಂದೆ ಬೇಸ್ ಗಿಟಾರಿನ ಸ್ವರ ಸ್ಪಷ್ಟವಾಗಿ ಕೇಳಿದರೆ ಮೂಲ. ಏಟಿನ ಹಿಂದೆ ‘ಷ್ಷ್’ ಅಂತ ಬಾಲ ಎಳೆದು ಮುಂದಿನ ಏಟಿನವರೆಗೂ ಹಬ್ಬಿದರೆ ರೀಮಿಕ್ಸ್. ಸ್ಟ್ರೀಮಿಂಗ್‌ನಲ್ಲೂ ಹೀಗೇ ನೋಡಿಕೊಳ್ಳಿ. ಪರದೆ ಮೇಲೆ ‘1971’ ಅಂತ ಹಾಕಿರೋದು ಹಾಡಿನ ವರ್ಷ, ಮಿಕ್ಸಿನ ವರ್ಷ ಅಲ್ಲ.

ಹುಬ್ಬಳ್ಳಿ_ಹಂಬಕರ್:
ಎಲ್‌ಪಿ ತಗೊಳ್ಳೋರಿಗೆ ನಂಬರ್ ಹೇಳ್ತೀನಿ, ಬರ್ಕೊಳ್ರಿ. ಲಂಡನ್ ಕಂಪನಿಯ ಅಮೆರಿಕನ್ ಮೊದಲ ಪ್ರೆಸ್ಸಿಂಗ್: ಪಿಎಸ್ 584. ವಾರ್ನರ್ ಬ್ರದರ್ಸ್ ಮರುಮುದ್ರಣ: ಬಿಎಸ್‌ಕೆ 3268. ಎರಡೂ ಮೂಲ ಮಿಕ್ಸ್ ಅದಾವ್ರಿ, ಯಾಕಂದ್ರ ಎರಡೂ ರೀಮಿಕ್ಸ್‌ಗಿಂತ ಮೊದಲಿನವು. ಕೇಳಾಕ ವಾರ್ನರ್ ಪ್ರತಿ ಸಾಕು, ಪಿಎಸ್ 584ಕ್ಕ ಹೆಚ್ಚಿಗಿ ರೊಕ್ಕ ಕೊಡೋದು ಕಪಾಟಿನ ಶೋಭಾಕ್ಕ. ಕವರಿನ ಬೆನ್ನಿನ ನಂಬರ್, ತಟ್ಟಿ ಲೇಬಲ್ ಮೇಲಿನ ನಂಬರ್ ಎರಡೂ ತಾಳೆ ಆಗ್ತಾವೇನು ನೋಡ್ರಿ. ಒಂದರ ಕವರ್‌ನ್ಯಾಗ ಇನ್ನೊಂದು ತಟ್ಟಿ ಹಾಕಿ ಮಾರೋದು ಸಾಮಾನ್ಯ.

ಬಳಸಿದ ಪ್ರತಿ ಆದ್ರ ಎರಡು ಮಗ್ಗಲಿನ ಕೊನೇ ಹಾಡು ಕೇಳಿ ನೋಡ್ರಿ: ಮೊದಲ ಮಗ್ಗಲಿಗೆ ‘ಓಲ್ಡ್ ಮ್ಯಾನ್’, ಎರಡನೇದಕ್ಕ ‘ಬ್ಯಾಕ್‌ಡೋರ್ ಲವ್ ಅಫೇರ್’. ತಟ್ಟಿ ಮಧ್ಯದ ಕಡೆ ಹೋದಂಗ ಒಂದು ಸುತ್ತಿನಾಗ ಮುಳ್ಳು ಓಡೋ ದೂರ ಕಡಿಮಿ, ಹಂಗಾಗಿ ಸವೆತ ಮೊದಲು ಅಲ್ಲೇ ಕೇಳಸ್ತದ. ಮೊದಲ ಹಾಡು ಛಲೋ ಐತಿ ಅಂತ ಕೊಂಡ್ರ ಮೋಸ ಹೋಗ್ತೀರಿ.

ತಟ್ಟೆ_ಮುಳ್ಳು:
ತಟ್ಟೆಯ ಒಳಗಿನ ಗ್ರೂವ್ (ಮುಳ್ಳು ಓಡುವ ಗೀರು) ಒಡೆದಂತೆ ಕೇಳಿಸಿದ ಮಾತ್ರಕ್ಕೆ ತಟ್ಟೆ ಸವೆದಿದೆ ಎನ್ನಲಾಗದು. ಮುಳ್ಳಿನ ಭಾರ ಕಮ್ಮಿ ಇದ್ದರೂ ಹಾಗೇ ಆಗುತ್ತೆ. ಮುಳ್ಳು ಕೂರುವ ಕಾರ್ಟ್ರಿಜ್ ಆರ್ಟೊಫಾನ್ 2ಎಂ ರೆಡ್ ಆದರೆ 1.8 ಗ್ರಾಂ, ಆಡಿಯೋ-ಟೆಕ್ನಿಕಾ ವಿಎಂ95ಇಗೆ 2 ಗ್ರಾಂ. ತೋಳಿನ ಮೇಲಿನ ಅಂಕಿ ನಂಬದೆ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆಯಿರಿ. ‘ಭಾರ ಕಮ್ಮಿ ಇದ್ದರೆ ತಟ್ಟೆಗೆ ಒಳ್ಳೇದು’ ಅನ್ನೋದು ತಪ್ಪು ನಂಬಿಕೆ. ಕಮ್ಮಿಯಾದರೆ ಮುಳ್ಳು ಗ್ರೂವ್‌ನಲ್ಲಿ ಕುಣಿದು ಗೋಡೆ ಕೆತ್ತುತ್ತೆ. ಈ ಆಲ್ಬಮ್ ಒಟ್ಟು ಸುಮಾರು 35 ನಿಮಿಷ, ಮಗ್ಗಲಿಗೆ ಹದಿನೇಳು ಹದಿನೆಂಟು ನಿಮಿಷ ಮಾತ್ರ. ಗ್ರೂವ್‌ಗೆ ಬೇಕಾದಷ್ಟು ಜಾಗ ಇದೆ, ಚೆನ್ನಾಗಿರೋ ಪ್ರತಿ ಕೊನೆಯವರೆಗೂ ಚೆನ್ನಾಗೇ ಕೇಳಬೇಕು.

ಹೊಸಕಿವಿ:
ಆ ಫೈಲಿನಲ್ಲಿ ಇನ್ನೊಂದು ವಿಚಿತ್ರ. ಗಿಟಾರನ್ನು ಸರಿಯಾಗಿ ಟ್ಯೂನ್ ಮಾಡಿಕೊಂಡರೂ ಹಾಡಿನ ಜೊತೆ ಕೂರುತ್ತಿಲ್ಲ, ಹಾಡು ತುಂಬಾ ಕೆಳಗಿದೆ. ಇಳಿಸಿದ ಟರ್ನ್‌ಟೇಬಲ್ ಅಮೆರಿಕದ್ದು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದೆ.

ವಾಲ್ವ್‌ಬಿಸಿ:
ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಫ್ರೀಕ್ವೆನ್ಸಿ ಮುಟ್ಟಲ್ಲ. ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಹಳೇ ಎಸಿ ಸಿಂಕ್ರೊನಸ್ ಮೋಟರ್ ವೇಗ ನಿರ್ಧಾರ ಆಗೋದೇ ಫ್ರೀಕ್ವೆನ್ಸಿಯಿಂದ. ಹಾಗಾಗಿ 33⅓ ಸುತ್ತು ಹೋಗಿ ಸುಮಾರು 27.8 ಆಗುತ್ತೆ, ಶ್ರುತಿ ಮೂರು ಸೆಮಿಟೋನ್‌ಗಿಂತ (ಗಿಟಾರಿನ ಮೂರು ಫ್ರೆಟ್) ಸ್ವಲ್ಪ ಹೆಚ್ಚೇ ಇಳಿಯುತ್ತೆ. ‘ಇ’ಯಲ್ಲಿ ಇರೋದು ಹೆಚ್ಚುಕಮ್ಮಿ ‘ಸಿ ಶಾರ್ಪ್’ ಆಗಿ ಕೇಳುತ್ತೆ. ಡ್ರಮ್ ಗುಮ್ಮೆನ್ನುತ್ತೆ, ಗಾಯಕ ನಿದ್ದೆಗಣ್ಣಲ್ಲಿ ಹಾಡಿದ ಹಾಗಿರುತ್ತೆ.

ಪರಿಹಾರ: ಆ ಮಾಡೆಲ್‌ಗೆ 50 ಹರ್ಟ್ಸ್ ಪುಲ್ಲಿ ಸಿಕ್ಕರೆ ಅದನ್ನು ಹಾಕಿಸಿ, ಇಲ್ಲದಿದ್ದರೆ ಫ್ರೀಕ್ವೆನ್ಸಿ ಬದಲಿಸುವ ಪ್ರತ್ಯೇಕ ಪವರ್ ಸಪ್ಲೈ ಬೇಕು. ಡಿಸಿ ಮೋಟರ್ ಅಥವಾ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಆದರೆ ಈ ತೊಂದರೆ ಇಲ್ಲ, ಟ್ರಾನ್ಸ್‌ಫಾರ್ಮರ್ ಒಂದೇ ಸಾಕು. ಈಗಾಗಲೇ ಇಳಿಸಿಕೊಂಡ ಫೈಲನ್ನು ಆಡಾಸಿಟಿಯಲ್ಲಿ ವೇಗ 1.2 ಪಟ್ಟು ಮಾಡಿ. ಶ್ರುತಿಯೂ ಗತಿಯೂ ಒಟ್ಟಿಗೆ ಏರುವ ‘ಚೇಂಜ್ ಸ್ಪೀಡ್’ ಬಳಸಿ, ‘ಚೇಂಜ್ ಪಿಚ್’ ಬೇಡ. ಆದರೂ ಪುಲ್ಲಿ ಸರಿಮಾಡಿ ಮತ್ತೆ ಇಳಿಸಿಕೊಳ್ಳೋದೇ ವಾಸಿ, ಏಕೆಂದರೆ ಫೋನೋ ಪ್ರೀಆಂಪ್‌ನ ಆರ್‌ಐಎಎ ತಿದ್ದುಪಡಿ (ತಟ್ಟೆಯ ಬೇಸ್, ಟ್ರೆಬಲ್ ಸಮ ಮಾಡೋದು) ಆಗಲೇ ತಪ್ಪು ಜಾಗದಲ್ಲಿ ಬಿದ್ದಿದೆ.

ವೇಗ ಪರೀಕ್ಷೆಗೆ ಸ್ಟ್ರೋಬ್ ಕಾಗದ (ತಟ್ಟೆ ಮೇಲಿಟ್ಟು ತಿರುಗಿಸುವ ಗೆರೆಗಳ ಚಕ್ರ, ವೇಗ ಸರಿಯಿದ್ದರೆ ಗೆರೆ ನಿಂತಂತೆ ಕಾಣುತ್ತೆ) ಮುದ್ರಿಸುವಾಗ 50 ಹರ್ಟ್ಸ್‌ನದೇ ನೋಡಿಕೊಳ್ಳಿ: 33⅓ಕ್ಕೆ 180 ಗೆರೆ. 216 ಗೆರೆ ಇದ್ದರೆ ಅದು ಅಮೆರಿಕದ್ದು. ಈಗಿನ ಬಹುತೇಕ ಎಲ್‌ಇಡಿ ಬಲ್ಬಿನಲ್ಲಿ ಗೆರೆ ನಿಂತಂತೆ ಕಾಣಲ್ಲ, ನಿಯಾನ್ ಟೆಸ್ಟರ್ ಬೆಳಕು ಆಗುತ್ತೆ. ವೇಗ ಶೇಕಡಾ 1 ತಪ್ಪಿದರೆ ಶ್ರುತಿ 17 ಸೆಂಟ್ (ಸೆಮಿಟೋನ್‌ನ ನೂರನೇ ಪಾಲು ಒಂದು ಸೆಂಟ್) ತಪ್ಪುತ್ತೆ, ಜೊತೆಯಲ್ಲಿ ನುಡಿಸೋರಿಗೆ ಅಷ್ಟೂ ಕಿರಿಕಿರಿಯೇ.

ತಕಿಟ:
ಇನ್ನು ಪೊಲೀಸ್ ಪರೇಡ್ ವಿಷಯ. ಟ್ಯಾಬ್‌ನಲ್ಲಿ ಎಂಟು ಸಮ ಸ್ವರ ಬರೆದಿರುತ್ತಾರೆ, ನೀವು ಅದನ್ನು ಸಮವಾಗೇ ನುಡಿಸುತ್ತಿದ್ದೀರಿ. ಷಫಲ್ ಅಂದರೆ ತಿಶ್ರ ನಡೆ. ಪ್ರತಿ ಏಟಿಗೆ ‘ತಕಿಟ’ ಹೇಳಿಕೊಳ್ಳಿ, ನಡುವಿನ ‘ಕಿ’ ನುಂಗಿಬಿಡಿ: ತ–ಟ ತ–ಟ ತ–ಟ ತ–ಟ. ಮೊದಲ ಸ್ವರಕ್ಕೆ ಎರಡು ಪಾಲು, ಎರಡನೇದಕ್ಕೆ ಒಂದು ಪಾಲು. ಮೃದಂಗ ಕಲಿತವರಿಗೆ ಇದು ಐದು ನಿಮಿಷದ ಕೆಲಸ, ಆದರೆ ಒಂದು ತೊಡಕಿದೆ: ಅವರು ‘ಟ’ಕ್ಕೂ ‘ತ’ದಷ್ಟೇ ತೂಕ ಕೊಡುತ್ತಾರೆ. ಇಲ್ಲಿ ‘ಟ’ ಹಗುರ, ಮುಂದಿನ ‘ತ’ಕ್ಕೆ ಎತ್ತಿಕೊಡೋದಷ್ಟೇ ಅದರ ಕೆಲಸ. ಒತ್ತು ಬೀಳೋದು ಎರಡನೇ ಮತ್ತು ನಾಲ್ಕನೇ ಏಟಿಗೆ, ಸ್ನೇರ್ ಇರುವಲ್ಲಿ.

ಸಾಮಾನ್ಯ ತಪ್ಪು: ಗತಿ ಏರಿದ ಹಾಗೆ ಎರಡು–ಒಂದು ಪಾಲು ಹೋಗಿ ಮೂರು–ಒಂದು ಪಾಲು ಆಗೋದು. ಆಗ ಕುದುರೆ ಓಟದ ಹಾಗೆ ಕುಂಟುತ್ತೆ. ಮೆಟ್ರೊನೋಮ್ 50ಕ್ಕೆ ಇಟ್ಟು ಆ ಟಿಕ್ಕನ್ನು ಎರಡನೇ, ನಾಲ್ಕನೇ ಏಟು ಅಂತ ಭಾವಿಸಿ ನುಡಿಸಿ. ನಿಜವಾದ ಗತಿ 100. ಹೀಗೆ ಹತ್ತು ನಿಮಿಷ ಜಾರದೆ ನುಡಿಸಲಾಗದಿದ್ದರೆ ಜೋರು ಗತಿಗೆ ಹೋಗಬೇಡಿ.

ಆರನೇತಂತಿ:
ಕೈಗೆ ಬೇಕಾದ್ದು ಇಷ್ಟೇ. ‘ಇ’ ಕಾರ್ಡ್‌ಗೆ: ಆರನೇ ತಂತಿ ಖಾಲಿ, ಜೊತೆಗೆ ಐದನೇ ತಂತಿ 2ನೇ ಫ್ರೆಟ್ ತೋರುಬೆರಳಿನಲ್ಲಿ, ಎರಡು ಸಲ. ಆಮೇಲೆ 4ನೇ ಫ್ರೆಟ್‌ಗೆ ಉಂಗುರಬೆರಳು, ಎರಡು ಸಲ. ಬೇಕಾದಾಗ ಕಿರುಬೆರಳು 5ನೇ ಫ್ರೆಟ್‌ಗೆ. ‘ಎ’ಗೆ ಇದೇ ಆಕಾರ ಒಂದು ತಂತಿ ಕೆಳಕ್ಕೆ: ಐದನೇ ತಂತಿ ಖಾಲಿ, ನಾಲ್ಕನೇ ತಂತಿ 2, 4, 5. ತೊಂದರೆ ಬರೋದು ‘ಬಿ’ಯಲ್ಲಿ: ಐದನೇ ತಂತಿ 2ನೇ ಫ್ರೆಟ್ ಹಿಡಿದು ನಾಲ್ಕನೇ ತಂತಿಯ 4, 6ಕ್ಕೆ ಚಾಚಬೇಕು. ಸಣ್ಣ ಕೈಯವರು ಅಲ್ಲಿ ತೋರುಬೆರಳು ಎಳೆದುಬಿಡುತ್ತಾರೆ, ಸ್ವರ ಶಾರ್ಪ್ ಆಗುತ್ತೆ. ಚಾಚಲು ಆಗದಿದ್ದರೆ ಆ ಒಂದು ಬಾರ್‌ಗೆ ‘ಬಿ7’ ಕಾರ್ಡ್ ಹಿಡಿದು ಕತ್ತರಿಸಿ ನುಡಿಸಿ, ಯಾರೂ ದೂರಲ್ಲ.

ಬಲಗೈ ಅಂಗೈಯ ಅಂಚು ಬ್ರಿಡ್ಜ್ ಸ್ಯಾಡಲ್‌ಗೆ ತಾಗಿ ನಾಲ್ಕೈದು ಮಿಲಿಮೀಟರ್ ಮುಂದಿರಲಿ. ಹೆಚ್ಚು ಮುಂದೆ ಬಂದರೆ ಸ್ವರವೇ ಸಾಯುತ್ತೆ. ‘ತ’ವನ್ನು ಸ್ವಲ್ಪ ಬಿಚ್ಚಿ, ‘ಟ’ವನ್ನು ಪೂರ್ತಿ ಮುಚ್ಚಿ. ಟ್ಯಾಬ್‌ನಲ್ಲಿ ಇದನ್ನು ಯಾರೂ ಬರೆಯಲ್ಲ, ಆದರೆ ಜೀವ ಇರೋದೇ ಇದರಲ್ಲಿ.

ಮೂರುಕಾರ್ಡು:
ಎಲ್ಲರೂ ಷಫಲ್ ಷಫಲ್ ಅಂತಿದ್ದೀರಿ, ಅಂದ್ರೆ ಬೂಗಿ, ಆ ನಡೆಯಲ್ಲೇ ಬಿಡದೆ ಓಡೋ ಸಂಗೀತ. ಆದ್ರೆ ಈ ಆಲ್ಬಮ್ ಬೂಗಿಗಿಂತ ಬ್ಲೂಸ್ ಅಲ್ವಾ? ಬೂಗಿ ರಾಕ್ ಬೇಕಂದ್ರೆ 1972ರ ಫಾಗ್‌ಹ್ಯಾಟ್ ಬ್ಯಾಂಡಿನ ಮೊದಲ ಆಲ್ಬಮ್ ಕೇಳಿ ಗುರೂ. ಸವಾಯ್ ಬ್ರೌನ್ ಬ್ಯಾಂಡ್ ಬಿಟ್ಟು ಬಂದ ಮೂವರು, ಜೊತೆಗೆ ಸ್ಲೈಡ್‌ಗೆ (ಬೆರಳಿಗೆ ಕೊಳವೆ ತೊಟ್ಟು ತಂತಿ ಮೇಲೆ ಜಾರಿಸೋದು) ರಾಡ್ ಪ್ರೈಸ್. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಡೇವ್ ಎಡ್ಮಂಡ್ಸ್ ನಿರ್ಮಾಣ. ಅಲ್ಲಿ ಗಿಟಾರ್ ನಿಲ್ಲೋದೇ ಇಲ್ಲ.

ಒಣಸ್ನೇರ್:
ನಿಮ್ಮ ಮಾತು ಅರ್ಧ ನಿಜ. ‘ಜಸ್ಟ್ ಗಾಟ್ ಬ್ಯಾಕ್ ಫ್ರಮ್ ಬೇಬೀಸ್’ ಅಪ್ಪಟ ನಿಧಾನ ಬ್ಲೂಸ್, ‘ಸ್ಕ್ವಾಂಕ್’ ಬೇರೆಯೇ ಜಾತಿ. ಆದರೆ ಫಾಗ್‌ಹ್ಯಾಟ್ ಶುರುವಾಗೋದೇ ವಿಲ್ಲಿ ಡಿಕ್ಸನ್ ಹಾಡಿನಿಂದ, ಚಕ್ ಬೆರ್ರಿಯ ‘ಮೇಬೆಲೀನ್’ ಕೂಡ ಇದೆ. ಝೀಝೀ ಟಾಪ್ ಮೊದಲ ಆಲ್ಬಮ್‌ನಲ್ಲಿ ಹತ್ತಕ್ಕೆ ಹತ್ತೂ ಸ್ವಂತ ರಚನೆ. ಹೊಸ ಬ್ಯಾಂಡಿಗೆ ಆ ಕಾಲದಲ್ಲಿ ಅದು ಧೈರ್ಯ. ಬೂಗಿ ಎಷ್ಟು ಅಡಗಿತ್ತು ಅಂತ ನೋಡೋಕೆ 1975ರ ‘ಫ್ಯಾಂಡ್ಯಾಂಗೋ’ದ ಲೈವ್ ಮಗ್ಗಲು ಕೇಳಿ: ಅದೇ ‘ಬ್ಯಾಕ್‌ಡೋರ್ ಲವ್ ಅಫೇರ್’ ಒಂದು ಮೆಡ್ಲಿಯಾಗಿ (ಬೆಸೆದ ಹಾಡುಗಳ ಸರಪಳಿ) ಬೆಳೆದು ‘ಲಾಂಗ್ ಡಿಸ್ಟೆನ್ಸ್ ಬೂಗಿ’ಗೆ ಹೋಗಿ ಮುಟ್ಟುತ್ತೆ.

ತಟ್ಟೆ_ಮುಳ್ಳು:
ಬೂಗಿ ಅಂದಮೇಲೆ ಬ್ಲೂಸ್ ಗಾಯಕ ಜಾನ್ ಲೀ ಹೂಕರ್‌ರ 1948ರ ‘ಬೂಗಿ ಚಿಲ್ಲೆನ್’ ಬಿಟ್ಟು ಮಾತಾಡೋಕಾಗಲ್ಲ. ಝೀಝೀ ಟಾಪ್‌ನ 1973ರ ‘ಲಾ ಗ್ರೇಂಜ್’ ಅದರ ನಕಲು ಅಂತ ಹೂಕರ್ ಹಾಡಿನ ಪ್ರಕಾಶಕರು ಮೊಕದ್ದಮೆ ಹೂಡಿದ್ದರು. 1995ರಲ್ಲಿ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ‘ರೆಕಾರ್ಡ್ ಮಾರಿದರೆ ಹಾಡು ಪ್ರಕಟವಾದಂತೆ, ಆಗಿನಿಂದಲೇ ಹಕ್ಕಿನ ಗಡುವು ಶುರು’ ಎಂಬ ಲೆಕ್ಕ ಹಿಡಿದು ಬ್ಯಾಂಡಿನ ಕಡೆ ನಿಂತಿತು. ಹಳೇ ಹಾಡುಗಳ ಹಕ್ಕೆಲ್ಲ ಹಾರಿಹೋಗುತ್ತೆ ಅಂತ ಗಾಬರಿಯಾಗಿ ಅಮೆರಿಕದ ಸಂಸತ್ತು 1997ರಲ್ಲಿ ಕಾನೂನನ್ನೇ ತಿದ್ದಿತು. ಒಂದು ಷಫಲ್‌ಗೆ ಇಷ್ಟು ಗಲಾಟೆ!

ಇನ್ನೊಂದು, ಯಾರಾದರೂ ಕೇಳುವ ಮೊದಲೇ: ಇಲ್ಲಿನ ‘ಬ್ರೌನ್ ಶುಗರ್’ ರೋಲಿಂಗ್ ಸ್ಟೋನ್ಸ್ ಹಾಡಲ್ಲ. ಅವರದು ಹೊರಬಂದದ್ದು ಅದೇ ವರ್ಷ, ಆದರೆ ಇದಾದ ಮೂರು ತಿಂಗಳ ಮೇಲೆ.

ವಾಲ್ವ್‌ಬಿಸಿ:
ಸದ್ದಿನ ವಿಚಾರ. ಗಿಬ್ಬನ್ಸ್‌ರ ‘ಪರ್ಲಿ ಗೇಟ್ಸ್’ ಅನ್ನೋ ಗಿಟಾರ್ 1959ರ ಲೆಸ್ ಪಾಲ್. ಲೆಸ್ ಪಾಲ್ ಗಿಟಾರ್, ಮಾರ್ಷಲ್ ಆಂಪ್ ಈ ಜೋಡಿಯೇ ಆರಂಭದ ಝೀಝೀ ಟಾಪ್ ಸದ್ದಿನ ಬುಡ. ಆ ಕಾಲದ ಪಿಎಎಫ್ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) 7ರಿಂದ 9 ಕಿಲೋಓಮ್. ಈಗಿನ 14–16 ಕಿಲೋಓಮ್ ಹೈ-ಔಟ್‌ಪುಟ್ ಪಿಕಪ್ ಹಾಕಿ ‘ಮೂಲದ ಸದ್ದು ಬರ್ತಿಲ್ಲ’ ಅಂದರೆ ಬರೋದೂ ಇಲ್ಲ, ಏಕೆಂದರೆ ಆಂಪ್ ಮೊದಲ ಹಂತದಲ್ಲೇ ಉಬ್ಬಿ ಸ್ವರದ ತುದಿ ಮೊಂಡಾಗುತ್ತೆ.

ಮಾರ್ಷಲ್‌ನ 100 ವಾಟ್ ಸೂಪರ್ ಲೀಡ್ ಆಂಪ್‌ಗೆ ಮಾಸ್ಟರ್ ವಾಲ್ಯೂಮ್ ಇಲ್ಲ, ಮನೇಲಿ ಅಸಾಧ್ಯ. 5 ವಾಟ್ ವಾಲ್ವ್ ಆಂಪ್ ಅಥವಾ ಮಾಡೆಲರ್‌ನ (ಆಂಪ್ ಸದ್ದು ಅನುಕರಿಸುವ ಡಿಜಿಟಲ್ ಪೆಟ್ಟಿಗೆ) ‘ಪ್ಲೆಕ್ಸಿ’, ಅಂದರೆ ಹಳೇ ಮಾರ್ಷಲ್ ಸದ್ದು, ಸಾಕು. ಇಲ್ಲಿಂದ ಶುರುಮಾಡಿ: ಗೇನ್ 4, ಬೇಸ್ 3, ಮಿಡ್ 7, ಟ್ರೆಬಲ್ 6, ರಿವರ್ಬ್ ಸೊನ್ನೆ. ಬ್ರಿಡ್ಜ್ ಪಿಕಪ್, ರಿದಮ್‌ಗೆ ಗಿಟಾರ್ ವಾಲ್ಯೂಮ್ 6–7, ಸೋಲೋಗೆ 10. ಎಲ್ಲರೂ ಮಾಡೋ ತಪ್ಪು ಗೇನ್ 8ಕ್ಕೆ ಏರಿಸೋದು. ಆಗ ಆರನೇತಂತಿ ಹೇಳಿದ ‘ಬಿಚ್ಚು–ಮುಚ್ಚು’ ವ್ಯತ್ಯಾಸವೇ ಕಂಪ್ರೆಶನ್‌ನಲ್ಲಿ ಅಳಿಸಿಹೋಗುತ್ತೆ. ರೆಕಾರ್ಡ್ ಮಾಡಿಕೊಳ್ಳೋದಾದರೆ ಗಿಟಾರಿನಲ್ಲಿ 90 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಅದು ಬೇಸ್‌ನ ಜಾಗ.

ಕಡಲತಡಿ_ಬೇಸ್:
ಆ ಜಾಗದ ಬಗ್ಗೆ ಎರಡು ಮಾತು ಮಾರಾಯ್ರೆ. ಮೂವರ ಬ್ಯಾಂಡಿನಲ್ಲಿ ಸೋಲೋ ಶುರುವಾದ ಕೂಡಲೆ ರಿದಮ್ ಗಿಟಾರ್ ಇಲ್ಲ, ಅಲ್ಲಿ ಬೇಸ್‌ನವ ಗಾಬರಿಯಾಗಿ ಸ್ವರ ಹೆಚ್ಚಿಸ್ತಾನೆ. ಉಲ್ಟಾ ಮಾಡಬೇಕು. ಡಸ್ಟಿ ಹಿಲ್ ನುಡಿಸಿದ್ದನ್ನು ಕೇಳಿ ನೋಡಿ, ಸೋಲೋ ಹೊತ್ತಿಗೆ ಅವರು ಇನ್ನೂ ಸರಳ ಆಗ್ತಾರೆ. ಸ್ವರ ಮಾತ್ರ ಉದ್ದ, ಮುಂದಿನದಕ್ಕೆ ತಾಗುವವರೆಗೆ.

‘ಎ’ಯಲ್ಲಿ ಅಭ್ಯಾಸಕ್ಕೆ: ದಪ್ಪ ತಂತಿ 5ನೇ ಫ್ರೆಟ್, ಮುಂದಿನ ತಂತಿ 4, 7, ಅದರ ಮುಂದಿನದು 4, 5, ಮತ್ತೆ ಅದೇ ದಾರಿಯಲ್ಲಿ ವಾಪಸ್. ಪಿಕ್ಕಿಗಿಂತ ಎರಡು ಬೆರಳು ಒಳ್ಳೇದು. ಕಿಕ್ ಡ್ರಮ್ ಜೊತೆ ಏಟು ಸರಿಯಾಗಿ ಬೀಳ್ತದಾ ಅಂತ ರೆಕಾರ್ಡ್ ಮಾಡಿ ತರಂಗ ನೋಡಿ. 20 ಮಿಲಿಸೆಕೆಂಡ್ ಮುಂದಿದ್ರೆ ಇಡೀ ಬ್ಯಾಂಡ್ ಓಡಿದ ಹಾಗೆ ಕೇಳ್ತದೆ.

ಹೊಸಕಿವಿ:
ಒಣ ಸ್ನೇರ್ ಸದ್ದನ್ನು ಮನೆಯಲ್ಲೇ ಹಿಡಿಯೋದು ಸಾಧ್ಯವಾ? ಹಾಗೇ ಸ್ಲೈಡ್‌ಗೆ ಯಾವ ತಂತಿ? ಗಿಬ್ಬನ್ಸ್ .007 ಇಂಚಿನ ತಂತಿ ಬಳಸ್ತಾರೆ ಅಂತ ಓದಿ ಅದನ್ನೇ ತರಿಸಿದ್ದೇನೆ.

ಒಣಸ್ನೇರ್:
ಸಾಧ್ಯ. 14 ಇಂಚಿನ ಸ್ನೇರ್, ಮೇಲಿನ ಚರ್ಮ ನಡುಮಟ್ಟದ ಬಿಗಿ, ಅಂಚಿನಿಂದ ಎರಡು ಇಂಚು ಒಳಗೆ ಮಡಚಿದ ಬಟ್ಟೆ ತುಂಡು ಟೇಪಿನಿಂದ ಅಂಟಿಸಿ. ಬಟ್ಟೆ ನಡುವಿಗೆ ಬಂದರೆ ಡಬ್ಬ ಬಡಿದ ಹಾಗಾಗುತ್ತೆ. ಚಿಕ್ಕ ಕೋಣೆ, ಗೋಡೆಗೆ ಹಾಸಿಗೆ ಒರಗಿಸಿ. ಮೈಕ್ ಮೂರು ಸಾಕು: ಕಿಕ್‌ಗೆ ಒಂದು, ಸ್ನೇರ್‌ಗೆ ಒಂದು, ಮೇಲೆ ಸ್ನೇರ್‌ನಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ ಒಂದು. ಮೇಲಿನ ಮೈಕಿನಲ್ಲೇ ಮುಕ್ಕಾಲು ಸದ್ದು ಬರಲಿ, ಉಳಿದೆರಡು ಒಗ್ಗರಣೆಯಷ್ಟೇ. ಸ್ನೇರ್ ಮೈಕ್ ಸೇರಿಸಿದಾಗ ಸದ್ದು ತೆಳುವಾದರೆ ಅದರ ಪೊಲಾರಿಟಿ ತಿರುಗಿಸಿ. ರಿವರ್ಬ್ ಬಟನ್ ಕಡೆ ಕೈ ಹೋಗದಿರಲಿ, 1987ರಲ್ಲಿ ಏನಾಯ್ತು ಅಂತ ಮೇಲೇ ಬರೆದಿದ್ದೇನಲ್ಲ.

ಆರನೇತಂತಿ:
.007 ತಂತಿಯಲ್ಲಿ ಸ್ಲೈಡ್ ಬೇಡ. ಸ್ಲೈಡಿನ ಭಾರಕ್ಕೇ ತಂತಿ ತಗ್ಗಿ ಫ್ರೆಟ್‌ಗೆ ಬಡಿಯುತ್ತೆ. ಅಷ್ಟು ತೆಳು ತಂತಿ ಅವರ ಬೆರಳಿನ ಹಗುರತನಕ್ಕೆ ಸರಿ. ಗಟ್ಟಿಯಾಗಿ ಒತ್ತುವ ಕೈಗೆ ಪ್ರತಿ ಕಾರ್ಡೂ ಅಪಶ್ರುತಿ. ಸ್ಲೈಡ್‌ಗೆ ಬೇರೆ ಗಿಟಾರ್ ಇಡಿ: .011 ಸೆಟ್, ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ 2.5 ಮಿಲಿಮೀಟರ್ ಎತ್ತರ. ಓಪನ್ ‘ಇ’ (ಖಾಲಿ ತಂತಿಗಳೇ ‘ಇ’ ಕಾರ್ಡ್ ನುಡಿಯುವ ಶ್ರುತಿ) ಮಾಡಬೇಕಿದ್ದರೆ ಐದನೇ, ನಾಲ್ಕನೇ, ಮೂರನೇ ತಂತಿ ಏರಿಸಬೇಕು, ಕುತ್ತಿಗೆಯ ಮೇಲೆ ಎಳೆತ ಹೆಚ್ಚುತ್ತೆ. ಹಳೇ ಗಿಟಾರ್ ಆದರೆ ಓಪನ್ ‘ಡಿ’ಗೆ ಇಳಿಸಿ 2ನೇ ಫ್ರೆಟ್‌ಗೆ ಕ್ಯಾಪೋ (ಎಲ್ಲ ತಂತಿ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿ. ಸ್ಲೈಡ್ ಫ್ರೆಟ್ ಕಂಬಿಯ ನೇರ ಮೇಲಿರಲಿ, ಹಿಂದೆ ಅಲ್ಲ. ಹಿಂದಿನ ಬೆರಳು ತಂತಿಗೆ ಮೆಲ್ಲಗೆ ತಾಗಿರಲಿ, ಇಲ್ಲದಿದ್ದರೆ ಆ ಕಡೆಯ ತಂತಿಯೂ ಕಿರುಗುಟ್ಟುತ್ತೆ.

ಕಡಲತಡಿ_ಬೇಸ್:
ಎಲ್‌ಪಿ ತರಿಸುವ ನಮ್ಮ ಕರಾವಳಿಯವರಿಗೆ ಒಂದು. ಮಳೆಗಾಲದಲ್ಲಿ ತಟ್ಟೆ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಬೂಸ್ಟು. ಒಣ ಬ್ರಷ್ ಹಾಕಬೇಡಿ, ಗ್ರೂವ್ ಒಳಗೆ ಹೋಗಿ ಕೂರ್ತದೆ. ಡಿಸ್ಟಿಲ್ಡ್ ನೀರು ನಾಲ್ಕು ಪಾಲು, ಐಸೊಪ್ರೊಪೈಲ್ ಒಂದು ಪಾಲು, ಮೈಕ್ರೊಫೈಬರ್ ಬಟ್ಟೆಯಲ್ಲಿ ಗ್ರೂವ್ ದಿಕ್ಕಿನಲ್ಲೇ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ. ಲೇಬಲ್‌ಗೆ ನೀರು ತಾಗಬಾರದು. ಹಳೇ ಕಾಗದದ ಒಳಚೀಲ ಬಿಸಾಡಿ ಪಾಲಿ ಒಳಚೀಲ ಹಾಕಿ. ಚೀಲ ಅದೇ ಉಳಿಸಿದ್ರೆ ಮುಂದಿನ ಆಷಾಢಕ್ಕೆ ಬೂಸ್ಟು ವಾಪಸ್. 78 ಆರ್‌ಪಿಎಂ ಅರಗಿನ ತಟ್ಟೆಗೆ ಮಾತ್ರ ಈ ದ್ರಾವಣ ಮುಟ್ಟಿಸಬೇಡಿ, ಆಲ್ಕೋಹಾಲ್ ಅದನ್ನು ಕರಗಿಸ್ತದೆ.